ಸಂಬಂಧವಿಲ್ಲದ ಮಂಡಿ

ನಮ್ಮ ಭಾವನವರು ಮೂವತ್ತೊಂದು ವರ್ಷದಿಂದ ಒಂದೇ ಕಚೇರಿಯ ಒಂದೇ ರೆಕಾರ್ಡ್ ರೂಮಿನಲ್ಲಿ ಕಡತಗಳನ್ನು ಕಾಯುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಅವರು ಕಲಿತ ತತ್ವ ಒಂದೇ: ಒಂದು ವಿಷಯಕ್ಕೆ ಒಂದು ಕಡತ. ನೀರಿನ ಪೈಪಿನ ಕಡತದೊಳಗೆ ರಸ್ತೆ ಗುಂಡಿಯ ಕಾಗದ ಸೇರಿತೋ, ಆ ಕಾಗದ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ, ಗುಂಡಿಗೆ ಮಾತ್ರ ಎಲ್ಲರ ಕಾಲೂ ಬೀಳುತ್ತದೆ ಎಂದು ಅವರು ಹೇಳುವುದುಂಟು. ಕಚೇರಿಯಲ್ಲಿ ಈ ತತ್ವ ಅವರನ್ನು ಕಾಪಾಡಿದೆ. ಮನೆಯಲ್ಲಿ ಅದು ಅವರನ್ನು ಹೇಗೆ ಮುಳುಗಿಸಿತು ಎಂಬುದನ್ನು ನಾನೀಗ ಹೇಳಬೇಕಾಗಿದೆ. ಹೆಂಡತಿಯ ತಮ್ಮನಾದ ನಾನಲ್ಲದೆ ಇಂಥದ್ದನ್ನು ಬೇರೆ ಯಾರು ಹೇಳಿಯಾರು?

ಭಾವನವರಿಗೆ ಸಕ್ಕರೆ ಕಾಯಿಲೆ ಇದೆ, ಬಿ.ಪಿ. ಇದೆ. ಸಕ್ಕರೆಗೆ ನೀಲಿ ಕಡತ, ಶನಿವಾರ, ಸೇತುವೆಯ ಪಕ್ಕದ ಡಾಕ್ಟರಮ್ಮ. ಬಿ.ಪಿ.ಗೆ ಕೆಂಪು ಕಡತ, ಮಂಗಳವಾರ, ಅಂಚೆ ಕಚೇರಿಯ ಹಿಂದಿನ ಡಾಕ್ಟರು. ಶನಿವಾರದವರ ಮುಂದೆ ಮಂಗಳವಾರದ ಮಾತೆತ್ತುವುದು ಭಾವನವರ ಪ್ರಕಾರ ಅಸಭ್ಯತೆ. ಒಬ್ಬ ಅಧಿಕಾರಿಯ ಮೇಜಿನ ಮೇಲೆ ಇನ್ನೊಬ್ಬರ ಕಾಗದ ಇಡುತ್ತಾರೆಯೇ?

ಎರಡು ವರ್ಷದ ಕೆಳಗೆ ಅವರು ಮನೆ ಕೊಂಡರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಕ್ಕ ಮೆಟ್ಟಿಲು ಎಣಿಸಿ, "ಐವತ್ನಾಲ್ಕು ಇದೆ ರೀ. ಹತ್ತೋರು ನೀವೊಬ್ರೇ ಅಲ್ಲ, ನಿಮ್ಮ ಮಂಡೀನೂ ಹತ್ತಬೇಕು. ಅದನ್ನೂ ಒಂದು ಮಾತು ಕೇಳಿ," ಅಂದಳು.

ಭಾವನವರು ಬ್ರೋಕರು, ಮನೆ ಮಾರುವವರು, ನಾನು, ಎಲ್ಲರ ಎದುರಿಗೆ, "ಎಂಬತ್ತು ವರ್ಷ ಆದಮೇಲೂ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತೀನಿ, ನೋಡ್ತಾ ಇರು," ಅಂದರು. ಹೇಳಿದ್ದಷ್ಟೇ ಅಲ್ಲ, ಹತ್ತಿಯೂ ತೋರಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂದು ವರ್ಷಕ್ಕೆ ಬಲ ಮಂಡಿ ಹಿಡಿದುಕೊಂಡಿತು. ಹತ್ತುವಾಗ ಒಂದು ನೋವು, ಇಳಿಯುವಾಗ ಇನ್ನೊಂದು ನೋವು, ಕೂತು ಏಳುವಾಗ ಎರಡೂ ಸೇರಿದ ಮೂರನೆಯದು. ಅಕ್ಕನಿಗೆ ಹೇಳಿದ್ದರೆ ಅವಳು ಏನೂ ಅನ್ನುತ್ತಿರಲಿಲ್ಲ. ಆ ಏನೂ ಅನ್ನದೆ ನೋಡುವ ನೋಟವಿದೆಯಲ್ಲ, ಅದಕ್ಕೆ ಹೆದರಿ ಭಾವನವರು ಹೇಳಲೇ ಇಲ್ಲ.

ಹಾಗಾಗಿ ಅವರು ಮಹಡಿ ಮಹಡಿಗೂ ನಿಂತು ಮಾತಾಡಲು ಶುರುಮಾಡಿದರು. ಮೊದಲನೇ ಮಹಡಿಯಲ್ಲಿ ಬೇಕರಿಯವರ ಮನೆ; ಅವರ ಬೇಕರಿ ಪಾರ್ಕಿನ ಎದುರಿಗಿದೆ. ಎರಡನೆಯದರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ; ಇಡೀ ಬಿಲ್ಡಿಂಗಿಗೆ ಅವರು ಹೆಡ್ ಮೇಡಂ. ಅದುವರೆಗೆ ಯಾರಿಗೂ ನಮಸ್ಕಾರ ಅನ್ನದ ಮನುಷ್ಯ ಈಗ ಹೆಡ್ ಮೇಡಂ ತಮ್ಮ ಹಳೇ ವಿದ್ಯಾರ್ಥಿಗಳ ಬಗ್ಗೆ ಹೇಳುವ ಕಥೆಗಳನ್ನು ಕಂಬಿಗೆ ಒರಗಿ, ಒಂದು ಕಾಲು ಎತ್ತಿಕೊಂಡು, ಕೊಕ್ಕರೆಯ ಹಾಗೆ ನಿಂತು ಕೊನೆಯವರೆಗೂ ಕೇಳುತ್ತಿದ್ದರು. "ಇಂಥ ಸಜ್ಜನ ಈ ಬಿಲ್ಡಿಂಗಲ್ಲೇ ಇಲ್ಲ," ಎಂದು ಮೇಡಂ ಸರ್ಟಿಫಿಕೇಟು ಕೊಟ್ಟರು. ಆ ವರ್ಷದ ಬಿಲ್ಡಿಂಗ್ ಸಭೆಯಲ್ಲಿ ಭಾವನವರನ್ನು ಅವಿರೋಧವಾಗಿ ಕಾರ್ಯದರ್ಶಿಯನ್ನಾಗಿಯೂ ಮಾಡಿಬಿಟ್ಟರು.

ಮಂಡಿಗಾಗಿ ಭಾವನವರು ಊರಿನ ಇನ್ನೊಂದು ತುದಿಯ ಮೂಳೆ ಡಾಕ್ಟರನ್ನು ಹುಡುಕಿಕೊಂಡರು. ಅಲ್ಲಿ ಒಂದು ಫಾರಂ ಕೊಟ್ಟರು. ಅದರಲ್ಲಿ, "ಬೇರೆ ಯಾವುದಾದರೂ ಕಾಯಿಲೆ ಇದೆಯೇ?" ಎಂಬ ಪ್ರಶ್ನೆ ಇತ್ತು. ಭಾವನವರು ಪೆನ್ನಿನ ಮುಚ್ಚಳ ತೆಗೆದು, ಅಂದವಾದ ಅಕ್ಷರದಲ್ಲಿ, "ಈ ವಿಷಯಕ್ಕೆ ಸಂಬಂಧಿಸಿಲ್ಲ" ಎಂದು ಬರೆದು ಕೆಳಗೆ ಸಹಿ ಹಾಕಿದರು.

"ಬೇರೇನೂ ಇಲ್ಲ ತಾನೆ?" ಎಂದು ಡಾಕ್ಟರು ಕೇಳಿದರು.

"ಮಂಡಿಗೆ ಬೇಕಾದದ್ದು ಯಾವುದೂ ಇಲ್ಲ," ಅಂದರು ಭಾವನವರು.

ಡಾಕ್ಟರು ಎಕ್ಸ್‌ರೇ ನೋಡಿ, ಮಂಡಿ ಸವೆದಿದೆ ಎಂದು ಹೇಳಿ, ನೋವಿನ ಮಾತ್ರೆ ಬರೆದುಕೊಟ್ಟರು. ಕೆಲವು ವ್ಯಾಯಾಮಗಳನ್ನೂ ಒಂದು ಹಾಳೆಯಲ್ಲಿ ಕೊಟ್ಟರು. ಆ ಹಾಳೆ ಹಳದಿ ಕಡತ ಸೇರಿತು. ಹಳದಿ ಕಡತ ಮನೆಗೆ ಬರಲಿಲ್ಲ. ಕಚೇರಿಯ ರೆಕಾರ್ಡ್ ರೂಮಿನಲ್ಲಿ, "ಒಂದು ವರ್ಷದ ನಂತರ ನಾಶಪಡಿಸತಕ್ಕದ್ದು" ಎಂಬ ಕಪಾಟಿನಲ್ಲಿ ಕೂತಿತು. ಅಷ್ಟರೊಳಗೆ ಮಂಡಿ ತಾನಾಗಿಯೇ ಮುಕ್ತಾಯವಾಗುತ್ತದೆಂದು ಭಾವನವರ ಅಂದಾಜು.

ಮುಕ್ತಾಯವಾಗಲಿಲ್ಲ. ಎರಡು ದಿನಕ್ಕೊಂದು ಎಂದಿದ್ದ ನೋವಿನ ಮಾತ್ರೆ ದಿನಕ್ಕೆರಡಾಯಿತು. ಕೊನೆಗೆ ಒಂದು ಗುರುವಾರ ಮೂಳೆ ಡಾಕ್ಟರು ಮಂಡಿಯೊಳಕ್ಕೇ ಒಂದು ಇಂಜೆಕ್ಷನ್ ಕೊಟ್ಟರು. ಶನಿವಾರ ಭಾವನವರು ಎಂದಿನಂತೆ ನೀಲಿ ಕಡತ ಹಿಡಿದು, ಅಕ್ಕನ ಜೊತೆ ಸಕ್ಕರೆ ಪರೀಕ್ಷೆಗೆ ಹೋದರು. ಊಟದ ನಂತರ ನೂರೈವತ್ತು, ನೂರ ಅರುವತ್ತು ಇರುತ್ತಿದ್ದ ಸಕ್ಕರೆ ಆ ದಿನ ಇನ್ನೂರ ಎಂಬತ್ತನಾಲ್ಕು.

ಅಕ್ಕ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಗಂಡನನ್ನು ಓದಿದಳು.

"ಏನು ತಿಂದ್ರಿ?"

"ನೀನು ಹಾಕಿದ್ದು."

"ನಾನು ಹಾಕಿದ್ದಕ್ಕೆ ಇಷ್ಟು ಬರಲ್ಲ."

ಭಾವನವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚುಚ್ಚಿದ್ದು ಮಂಡಿಗೆ, ಏರಿದ್ದು ಸಕ್ಕರೆ. ಎರಡೂ ಬೇರೆ ಕಡತ.

ಅದೇ ಸಂಜೆ ಅಕ್ಕ ನನ್ನನ್ನು ಕರೆಸಿಕೊಂಡಳು. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. "ತಪ್ಪು ಹುಡುಕೋದೇ ನಿನ್ನ ಕೆಲಸ ಅಲ್ವಾ? ನಿಮ್ಮ ಭಾವ ಎಲ್ಲೋ ಸಿಹಿ ತಿಂತಿದಾರೆ. ಎಲ್ಲಿ ಅಂತ ಹುಡುಕು," ಅಂದಳು. ಹೆಡ್ ಮೇಡಂ ಅಲ್ಲೇ ಕೂತಿದ್ದರು. ಅವರು ಬಾಗಿಲ ತೂತಿನಿಂದ ಕಂಡದ್ದನ್ನೂ, ಮೆಟ್ಟಿಲ ಕಂಬಿಯಿಂದ ಬಗ್ಗಿ ಕಂಡದ್ದನ್ನೂ ವಿವರವಾಗಿ ವರದಿ ಮಾಡಿದರು: ಸಂಜೆ ಆರೂ ಕಾಲಿಗೆ ಬೇಕರಿಯವರ ಮನೆಯೊಳಕ್ಕೆ ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತದೆ, ಹತ್ತು ನಿಮಿಷ ಕಳೆದು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. "ನಲವತ್ತು ವರ್ಷ ಮಕ್ಕಳನ್ನ ನೋಡಿದೀನಮ್ಮ. ತಿಂದು ಕೈ ಒರೆಸಿಕೊಳ್ಳೋ ರೀತೀನೇ ಬೇರೆ," ಅಂದರು. ಸಜ್ಜನಿಕೆಯ ಸರ್ಟಿಫಿಕೇಟು ಅಲ್ಲಿಗೆ ರದ್ದಾಯಿತು.

ಸೋಮವಾರ ನಾನು ಕೆಳಗಡೆ ಕರೆಂಟ್ ಮೀಟರುಗಳ ಹಿಂದೆ ನಿಂತೆ. ಆರೂ ಕಾಲಿಗೆ ಸರಿಯಾಗಿ ಭಾವನವರು ಬಂದರು. ಅವರು ಕದ ತಟ್ಟುವ ಮೊದಲೇ ಬೇಕರಿಯವರು ಬಾಗಿಲು ತೆಗೆದು, "ಬನ್ನಿ ಸಾರ್, ರೆಡಿ ಇದೆ," ಅಂದರು. ಅವರ ಮನೆಯ ಒಂದು ಕಿಟಕಿ ಮೆಟ್ಟಿಲ ಕಡೆಗಿದೆ. ನಾನು ಮೆಲ್ಲಗೆ ಹತ್ತಿ ಇಣುಕಿದೆ. ಭಾವನವರು ಕುರ್ಚಿಯಲ್ಲಿ ಕಿಟಕಿಗೆ ಮಗ್ಗುಲಾಗಿ ಕೂತಿದ್ದರು. ತೊಡೆಯ ಮೇಲೆ ದೊಡ್ಡದೊಂದು ಕೇಕಿನ ಡಬ್ಬಿ. ಎರಡೂ ಕೈ ಡಬ್ಬಿಯ ಮೇಲೆ. ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿದ್ದರು, ಮುಖದ ತುಂಬ ಸುಖ. ಅವರ ಮದುವೆಯ ಫೋಟೋದಲ್ಲೂ ನಾನು ಆ ಸುಖ ಕಂಡಿರಲಿಲ್ಲ.

ಮೇಲೆ ಹೋಗಿ ಅಕ್ಕನಿಗೆ ಹೇಳಿದೆ. ಸ್ವಲ್ಪ ಮೆದುವಾಗಿ ಹೇಳಬಹುದಿತ್ತು. ಆದರೆ ಕರಡು ತಿದ್ದುವವನಿಗೆ ಕಂಡ ತಪ್ಪನ್ನು ಬಿಟ್ಟು ಅಭ್ಯಾಸವಿಲ್ಲ.

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. "ಅಪ್ಪಾನೂ ತಿಂದಿಲ್ಲ ಅಂತಾನೇ ಹೇಳ್ತಿದ್ರು ಕಣೋ," ಅಂದಳು. ಸಕ್ಕರೆ ಕಾಯಿಲೆಯಿದ್ದ ನಮ್ಮಪ್ಪ ಮಡಚಿದ ಛತ್ರಿಯೊಳಗೆ ಸಿಹಿ ಬಚ್ಚಿಟ್ಟುಕೊಳ್ಳುತ್ತಿದ್ದರು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗಿನದೆಲ್ಲ. ನಾನಾಗ ಚಿಕ್ಕವನು, ಆಚೆ ಆಡುತ್ತಿದ್ದೆ. ಹತ್ತೊಂಬತ್ತು ವರ್ಷದ ಅಕ್ಕ ಒಳಗೆ ಗಾಯ ತೊಳೆಯುತ್ತಿದ್ದಳು. ಸ್ಟೂಲಿನ ಮೇಲೆ ಕೂತ ಅವಳ ಮುಖ ನೋಡಿದೆ. ಭಾವನವರ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಮಾರನೇ ದಿನ ಅಕ್ಕ ಬೇಕರಿಯವರ ಮನೆಗೇ ಹೋದಳು. ಜೊತೆಗೆ ನಾನು. ಎರಡು ಮೆಟ್ಟಿಲು ಹಿಂದೆ, ಸೊಪ್ಪು ತರಲು ಹೊರಟವರ ಹಾಗೆ, ಹೆಡ್ ಮೇಡಂ.

"ಅಮ್ಮಾ, ನನ್ನ ಅಂಗಡಿಯ ಒಂದು ತುಣುಕೂ ಅವರ ಬಾಯಿಗೆ ಹೋಗಿಲ್ಲ. ಬೇಕಾದರೆ ನನ್ನ ಒಲೆ ಮುಟ್ಟಿ ಹೇಳ್ತೀನಿ," ಅಂದರು ಬೇಕರಿಯವರು.

"ಹಾಗಾದರೆ ಡಬ್ಬಿಯಲ್ಲಿ ಏನಿತ್ತು?"

"ಅದು ಹೇಳೋ ಹಾಗಿಲ್ಲ."

"ಯಾಕೆ?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ತಿನ್ನೋ ವಸ್ತು ಅಲ್ಲ ಅಂತೀರಿ, ಕೇಕಿನ ಡಬ್ಬಿಯಲ್ಲಿಡ್ತೀರಿ, ಬಾಗಿಲು ಹಾಕ್ಕೊಂಡು ಕೊಡ್ತೀರಿ," ಎಂದು ಹೆಡ್ ಮೇಡಂ ಹಿಂದಿನಿಂದ ಹೇಳಿದರು. ಬೇಕರಿಯವರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ನೆಲ ನೋಡಿದರು.

ಬುಧವಾರ ಮತ್ತೆ ಪರೀಕ್ಷೆ. ಇನ್ನೂರ ನಲವತ್ತು. ಶುಕ್ರವಾರ ಬರಲು ಡಾಕ್ಟರಮ್ಮ ಹೇಳಿದರು. ಅಕ್ಕ ಬೇಕರಿಯವರನ್ನೂ ಬರಹೇಳಿದಳು. "ನನಗೆ ಹೇಳಬೇಡಿ. ಡಾಕ್ಟ್ರ ಮುಂದೆ ಹೇಳಿ," ಅಂದಳು. ಪಾಪ, ಅವರು ಮೈದಾ ಮೆತ್ತಿದ ಏಪ್ರನ್ನಿನಲ್ಲೇ ಬಂದರು. ಕ್ಲಿನಿಕ್ಕಿನ ಬೆಂಚಿನಲ್ಲಿ ಭಾವನವರು ನೀಲಿ ಕಡತ ತಬ್ಬಿಕೊಂಡು, ವಿಚಾರಣೆಗೆ ಬಂದ ಗುಮಾಸ್ತರ ಹಾಗೆ ಕೂತಿದ್ದರು.

ಡಾಕ್ಟರಮ್ಮ ಮೊದಲು ತೂಕ ನೋಡಿದರು. "ನಾಲ್ಕು ಕೆ.ಜಿ. ಜಾಸ್ತಿ ಆಗಿದೀರಿ. ವಾಕಿಂಗ್ ಹೋಗ್ತಿದೀರಾ?"

"ದಿನಾ ಹೋಗ್ತೀನಿ."

"ನಲವತ್ತು ನಿಮಿಷ. ಒಂದು ದಿನಾನೂ ತಪ್ಪಿಸಿಲ್ಲ," ಎಂದು ಅಕ್ಕ ಸೇರಿಸಿದಳು. ಅಷ್ಟು ಸಿಟ್ಟಿನಲ್ಲೂ ಗಂಡನಿಗೆ ಬರಬೇಕಾದ ಅಂಕ ಬಿಟ್ಟುಕೊಡಲಿಲ್ಲ.

ಬೇಕರಿಯವರು ಕೆಮ್ಮಿದರು. ಎಲ್ಲರೂ ಅವರ ಕಡೆ ತಿರುಗಿದರು. "ಸಾರ್, ಇದರ ಬಗ್ಗೆ ನಾನು ಮಾತು ಕೊಟ್ಟಿಲ್ಲ," ಎಂದು ಭಾವನವರಿಗೆ ಹೇಳಿ ಡಾಕ್ಟರಮ್ಮನ ಕಡೆ ನೋಡಿದರು. "ಪಾರ್ಕಿನ ಗೇಟಿನವರೆಗೆ ನಡೀತಾರೆ. ಆಮೇಲೆ ಬೆಂಚಿನ ಮೇಲೆ ಕೂತ್ಕೋತಾರೆ. ನಲವತ್ತು ನಿಮಿಷ. ಅದೂ ಒಂದು ದಿನಾನೂ ತಪ್ಪಿಸಿಲ್ಲ."

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ನೂರ ಅರುವತ್ತೆಂಟು.

"ಅದು ಮಂಗಳವಾರದ ಡಾಕ್ಟರ ವಿಷಯ," ಎಂದು ಭಾವನವರು ಆಕ್ಷೇಪ ಎತ್ತಿದರು.

"ರಕ್ತ ಇವತ್ತೂ ಓಡ್ತಾ ಇದೆಯಲ್ಲ. ಮಂಗಳವಾರದವರೆಗೂ ಅದು ಕಾಯಲ್ಲ," ಅಂದರು ಡಾಕ್ಟರಮ್ಮ. "ಬೇರೆ ಏನಾದರೂ ಮಾತ್ರೆ ತಗೊಳ್ತಿದೀರಾ?"

"ಈ ಕಡತದಲ್ಲಿ ಇಲ್ಲ."

"ಕಡತ ಬಿಡಿ. ಹೊಟ್ಟೆಗೆ?"

ಭಾವನವರು ಕಡತದ ದಾರವನ್ನು ಇನ್ನಷ್ಟು ಬಿಗಿದರು. ಡಾಕ್ಟರಮ್ಮ ಪೆನ್ನು ಎತ್ತಿಕೊಂಡು, ಹೀಗೇ ಇದ್ದರೆ ಇನ್ಸುಲಿನ್ ಶುರುಮಾಡುವ ಯೋಚನೆ ಮಾಡಬೇಕಾಗುತ್ತದೆ ಎಂದರು. ಆಗ ಅಕ್ಕ ಮಾತಾಡಿದಳು. ಗಂಡನ ಕಡೆ ನೋಡಲಿಲ್ಲ, ಡಾಕ್ಟರಮ್ಮನ ಮೇಜಿನ ಕಡೆ ನೋಡಿಕೊಂಡು ಮಾತಾಡಿದಳು.

"ಡಾಕ್ಟ್ರೇ, ತಿನ್ನೋದು ಬಿಡಿಸೋ ಔಷಧಿ ನನಗೆ ಬೇಡ. ಇವರು ನನ್ನ ಹತ್ರ ನಿಜ ಹೇಳೋ ಔಷಧಿ ಇದ್ದರೆ ಕೊಡಿ. ನಮ್ಮಪ್ಪನ ಕಾಲು ತೊಳೆದ ಕೈ ಇದು. ಇನ್ನೊಂದು ಕಾಲು ತೊಳೆಯೋ ಶಕ್ತಿ ನನಗಿಲ್ಲ."

ಭಾವನವರು ನೀಲಿ ಕಡತವನ್ನು ಮೇಜಿನ ಮೇಲಿಟ್ಟರು. ಬಗ್ಗಿದರು. ಬಲಗಾಲಿನ ಪ್ಯಾಂಟನ್ನು ಒಂದೊಂದೇ ಮಡಿಕೆ ಮಡಿಸುತ್ತಾ ಮೇಲಕ್ಕೆ ತಂದರು. ಮಂಡಿ ಊದಿಕೊಂಡಿತ್ತು, ಅದರ ಸುತ್ತ ಒಂದು ಪಟ್ಟಿ ಇತ್ತು, ಪಟ್ಟಿಯ ಪಕ್ಕದಲ್ಲಿ ಸೂಜಿ ಚುಚ್ಚಿದ ಗುರುತಿತ್ತು.

"ಐಸು ಅಮ್ಮಾ," ಅಂದರು ಬೇಕರಿಯವರು. "ಡಬ್ಬಿಯಲ್ಲಿ ಐಸಿತ್ತು. ಮಂಡಿ ಮೇಲೆ ಇಟ್ಕೊಳ್ಳೋಕೆ. ಅಷ್ಟು ಐಸು ಹಿಡಿಯೋ ಡಬ್ಬಿ ನಮ್ಮನೇಲಿ ಬೇರೆ ಇಲ್ಲ."

"ಎಷ್ಟು ದಿನದಿಂದ?" ಎಂದು ಅಕ್ಕ ಗಂಡನನ್ನು ಕೇಳಿದಳು.

"ಒಂದು ವರ್ಷ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಸಕ್ಕರೆ ಬಗ್ಗೆ ಕೇಳಿದೆ. ಸಕ್ಕರೆಗೆ ಉತ್ತರ ಕೊಟ್ಟೆ," ಅಂದ ಭಾವನವರು ಮಂಡಿಯ ಪಟ್ಟಿ ಸರಿಮಾಡಿಕೊಂಡರು. "ಮತ್ತೆ... ಐವತ್ನಾಲ್ಕು ಮೆಟ್ಟಿಲು ಅಂತ ನೀನು ಮೊದಲೇ ಹೇಳಿದ್ದೆ."

ಡಾಕ್ಟರಮ್ಮನಿಗೆ ಈ ಸಂಸಾರದ ವಿಷಯದಲ್ಲಿ ಆಸಕ್ತಿ ಇದ್ದಂತಿರಲಿಲ್ಲ. "ಇಂಜೆಕ್ಷನ್ ಯಾವತ್ತು?" ಎಂದರು. ಗುರುವಾರ. "ಸಕ್ಕರೆ ಪರೀಕ್ಷೆ?" ಶನಿವಾರ. ಅವರು ಪೆನ್ನು ಕೆಳಗಿಟ್ಟು ನಕ್ಕರು. ಮೂಳೆ ಡಾಕ್ಟರಿಗೆ ಫೋನು ಮಾಡಿದರು. ಆ ಕಡೆಯ ಮಾತು ನಮಗೂ ಕೇಳಿಸಿತು: "ಸಕ್ಕರೆ ಇದೆಯಾ ಅವರಿಗೆ? ಬಿ.ಪಿ.ನೂ ಇದೆಯಾ? ಸಂಬಂಧಿಸಿಲ್ಲ ಅಂತ ಸಹಿ ಹಾಕಿ ಕೊಟ್ಟಿದಾರಲ್ರೀ."

ಡಾಕ್ಟರಮ್ಮ ಭಾವನವರ ಕಡೆ ತಿರುಗಿದರು. "ನಿಮ್ಮ ಮೈಯಲ್ಲಿ ಇವೆಲ್ಲ ಬೇರೆ ಬೇರೆ ಕೋಣೆಯಲ್ಲಿಲ್ಲ. ಒಂದೇ ಅಡುಗೆಮನೆಯಲ್ಲಿರೋ ಸೊಸೆಯಂದಿರ ಹಾಗೆ. ಒಬ್ಬಳು ಪಾತ್ರೆ ಕುಕ್ಕಿದರೆ ಎಲ್ಲರಿಗೂ ತಲೆನೋವು. ಮಂಡಿ ನೋವು ಅಂತ ನಡೆಯೋದು ಬಿಟ್ರಿ. ನಡೆಯದೆ ತೂಕ ಏರಿತು. ಆ ತೂಕ ಹೋಗಿ ಕೂತದ್ದು ಅದೇ ಮಂಡಿ ಮೇಲೆ. ನಡಿಗೆ ಇಲ್ಲದೆ ಸಕ್ಕರೆಗೂ ಕಷ್ಟ. ನೋವಿನ ಮಾತ್ರೆ ದಿನಾ ನುಂಗಿದ್ರಿ, ಬಿ.ಪಿ. ಏರಿತು, ಅದು ಕಿಡ್ನಿಗೂ ಒಳ್ಳೇದಲ್ಲ. ರಾತ್ರಿ ನಿದ್ದೆ ಬರುತ್ತಾ?"

"ಇಲ್ಲ."

"ಅದೂ ಸೇರಿಸ್ಕೊಳ್ಳಿ. ಇನ್ನು ಆ ಸ್ಟೀರಾಯ್ಡ್ ಇಂಜೆಕ್ಷನ್ನು. ಸಕ್ಕರೆ ಇರೋರಿಗೆ ಅದನ್ನ ಮಂಡಿಗೆ ಕೊಟ್ಟರೂ ಕೆಲವು ದಿನ ಸಕ್ಕರೆ ಹಾರುತ್ತೆ. ಮೊದಲೇ ಗೊತ್ತಿದ್ದರೆ ನೋಡ್ಕೊಂಡು ಕೊಡ್ತಿದ್ರು, ನಾವೂ ಹೆದರ್ತಿರಲಿಲ್ಲ."

"ಅಂದ್ರೆ ಇವರು ಏನೂ ತಿಂದಿಲ್ವಾ?" ಎಂದು ಅಕ್ಕ ಕೇಳಿದಳು.

"ತಿನ್ನದೇ ಇರಬಹುದು. ಇವತ್ತು ಇನ್ಸುಲಿನ್ ಬೇಡ. ಎರಡು ವಾರ ಬಿಟ್ಟು ನೋಡೋಣ. ಇಂಜೆಕ್ಷನ್ನಿಂದ ಏರಿದ್ದರೆ ಅಷ್ಟರೊಳಗೆ ಇಳಿದಿರುತ್ತೆ."

ನೋವಿನ ಮಾತ್ರೆ ನಿಲ್ಲಿಸಿದರು. ಮಂಡಿ ಸವೆದಿದೆ ಎಂದು ಕೂತುಬಿಡಬಾರದು, ಸಮತಟ್ಟಾದ ಕಡೆ ನಿಧಾನವಾಗಿ ನಡೆಯಬೇಕು, ತೊಡೆ ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ, ತೂಕ ಇಳಿದರೆ ಮೂರು ಕಾಯಿಲೆಗೂ ಲಾಭ ಎಂದು ಹೇಳಿದರು. ಭಾವನವರು ಎಲ್ಲ ಕೇಳಿ, "ಹಾಗಾದರೆ ಮೂರು ಕಡತ ತೆರೆದದ್ದೇ ಕ್ರಮಬದ್ಧವಾಗಿರಲಿಲ್ಲ," ಎಂದು ತಮ್ಮ ಮೂವತ್ತೊಂದು ವರ್ಷದ ಸೇವೆಯಲ್ಲಿ ಮೊದಲನೇ ತಪ್ಪೊಪ್ಪಿಗೆ ದಾಖಲಿಸಿದರು.

ಮನೆಗೆ ಬರುವಾಗ ಆಟೋದಲ್ಲಿ ಬೇಕರಿಯವರು, "ಇನ್ನೇನಮ್ಮ, ಎಲ್ಲ ಬಗೆಹರೀತಲ್ಲ," ಅಂದರು. ಅಕ್ಕ ಅವರಿಗೆ ಕೈಮುಗಿದು ಕ್ಷಮೆ ಕೇಳಿದಳು. ಆದರೆ ನನ್ನ ಕಿವಿಯಲ್ಲಿ, "ನಂಬಬೇಕು ಅಂತ ಆಸೆ ಇದೆ ಕಣೋ. ಅಪ್ಪನ್ನೂ ಹೀಗೇ ಆಸೆಪಟ್ಟು ನಂಬಿದ್ದೆ," ಅಂದಳು.

ಆ ಎರಡು ವಾರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಓಡಾಡಿದರು. ಅಕ್ಕ ಬೆಳಿಗ್ಗೆ ಗಂಡನ ಜೊತೆ ಪಾರ್ಕಿಗೆ ಹೋಗುತ್ತಿದ್ದಳು. ಮೊದಲು ಎಂಟು ನಿಮಿಷ, ಆಮೇಲೆ ಹನ್ನೆರಡು. ಬೇಕರಿಯವರು ಅಂಗಡಿಯಿಂದಲೇ ಎಣಿಸಿ ಕೈ ಎತ್ತುತ್ತಿದ್ದರು. ಹೆಡ್ ಮೇಡಂ ಮಾತ್ರ ಇನ್ನೂ ಒಪ್ಪಿರಲಿಲ್ಲ. ಅವರ ಅಭಿಪ್ರಾಯದಲ್ಲಿ ಐಸಿನ ಕೆಳಗೆ ಕೇಕಿಗೆ ಸಾಕಷ್ಟು ಜಾಗವಿತ್ತು. ಭಾವನವರು ಹೊತ್ತುಹೊತ್ತಿಗೆ ಕುರ್ಚಿಯಲ್ಲಿ ಕೂತು ಕಾಲು ಚಾಚಿ ಎತ್ತುತ್ತಿದ್ದರು, ಎತ್ತುವಾಗಲೆಲ್ಲ ಹೆಂಡತಿಯ ಮುಖ ನೋಡುತ್ತಿದ್ದರು. ನೋವಿನ ಮಾತ್ರೆ ಇಲ್ಲದೆ ಅವರಿಗೆ ಕಷ್ಟವಾಗುತ್ತಿತ್ತು. ಅದಕ್ಕಿಂತ ಕಷ್ಟವಾದದ್ದು ಮನೆಯಲ್ಲಿ ಆರೋಪಿಯಾಗಿ ಊಟ ಮಾಡುವುದು.

ಎರಡು ವಾರ ಕಳೆದ ಶನಿವಾರ ಭಾವನವರು ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಮಧ್ಯಾಹ್ನ ಅಕ್ಕ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದಳು, ಹಿಂದೆ ನಾನು ಅಕ್ಕಿ ಚೀಲ ಹೊತ್ತಿದ್ದೆ. ಎರಡನೇ ಮಹಡಿ ಮುಟ್ಟುವ ಹೊತ್ತಿಗೆ ಅವಳಿಗೆ ಕ್ಲಿನಿಕ್ಕಿನಿಂದ ಫೋನು ಬಂತು. ಅವಳು ಕಿವಿಗಿಟ್ಟುಕೊಂಡು, "ಇನ್ನೊಂದ್ಸಲ ಹೇಳಿ," ಅಂದಳು. ಆಮೇಲೆ, "ಇನ್ನೊಂದೇ ಸಲ ಹೇಳಿ," ಅಂದಳು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಚೀಲ ಉರುಳಿ ಈರುಳ್ಳಿಗಳು ಒಂದರ ಹಿಂದೊಂದು ಬೇಕರಿಯವರ ಬಾಗಿಲಿನ ಕಡೆ ಇಳಿದುಹೋದವು.

ಮೇಲಿನಿಂದ ಭಾವನವರು ಇಣುಕಿದರು. ಅವಳು ಕೂತದ್ದನ್ನು ಕಂಡು ಅವರ ಮುಖದ ಬಣ್ಣ ಹೋಯಿತು. ಕಂಬಿ ಹಿಡಿದು, ಎಡಗಾಲು ಮುಂದೆ ಇಟ್ಟು ಬಲಗಾಲು ಎಳೆದುಕೊಂಡು, ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಾ ಕುಂಟಿಕೊಂಡು ಇಳಿದು ಬಂದರು. ಯಾರು ನೋಡುತ್ತಾರೆ ಎಂದು ಅವರು ಆಚೀಚೆ ನೋಡಲಿಲ್ಲ.

"ಎಷ್ಟಂತೆ?"

"ನೂರ ಐವತ್ತಾರು," ಅಂದಳು ಅಕ್ಕ. "ನೀವು ತಿಂದಿಲ್ಲ ರೀ."

"ತಿಂದಿಲ್ಲ ಕಣೇ."

ಅವರು ಅವಳ ಪಕ್ಕ ಕೂರಲು ಅರ್ಧ ನಿಮಿಷ ತೆಗೆದುಕೊಂಡರು. ಅವಳು ತೋಳು ಹಿಡಿದು ಕೂರಿಸಿದಳು, ಭುಜಕ್ಕೆ ಮುಖ ಇಟ್ಟು ಗಟ್ಟಿಯಾಗಿ ಅತ್ತಳು. ನಾನು ಅಕ್ಕಿ ಚೀಲ ಕೆಳಗಿಟ್ಟೆ.

ಅಳುವ ಶಬ್ದಕ್ಕೆ ಎರಡನೇ ಮಹಡಿಯ ಬಾಗಿಲು ತೆರೆಯಿತು. ಹೆಡ್ ಮೇಡಂ ಕನ್ನಡಕ ಏರಿಸಿಕೊಂಡು, ಗಾಬರಿಯಿಂದ, "ಏನಾಯ್ತಮ್ಮ? ಯಜಮಾನರಿಗೆ ಏನಂತೆ?" ಎಂದರು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ತಲೆ ಎತ್ತಿದಳು. ಆ ಮುಖದಲ್ಲಿದ್ದ ಸಂತೋಷವನ್ನು ಮರೆಮಾಡುವ ಪ್ರಯತ್ನವನ್ನೂ ಮಾಡಲಿಲ್ಲ.

"ಏನಿಲ್ಲ ಮೇಡಂ," ಅಂದಳು. "ಬರೀ ಮಂಡಿ ನೋವು."